ಟ್ರಾಕ್ಟರಿಗೆ ತಕ್ಕ ಪೊದೆ ಸವರುವ ಯಂತ್ರವನ್ನು ಆರಿಸಿಕೊಳ್ಳುವ ಕ್ರಮ

ಕೋಲಾರ, ಮಾಲೂರು, ಮುಳಬಾಗಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಟ್ರಾಕ್ಟರುಳ್ಳ ಭೂಮಾಲೀಕರ ಬಳಿ ನೇಗಿಲು, ಕಲ್ಟಿವೇಟರು, ರೊಟವೇಟರು, ಟ್ರೈಲರು ಇವಿಷ್ಟೂ ಬಹುಮಟ್ಟಿಗೆ ಇದ್ದೇ ಇರುತ್ತವೆ. ಈಗ ಈ ಸಾಲಿಗೆ ಸೇರುತ್ತಿರುವುದು ರೋಟರಿ ಕಟರ್ ಅಥವಾ ಸ್ಲ್ಯಾಷರ್ ಎಂಬ ಪೊದೆ ಸವರುವ ಯಂತ್ರ. ಮಾವಿನ ತೋಪಿನ ಹುಲ್ಲು, ಬದುಗಳ ಮೇಲಿನ ಲಂಟಾನ, ಬೀಳುಬಿದ್ದ ಹೊಲದ ಕಾಂಗ್ರೆಸ್ ಗಿಡ ಇವನ್ನು ಮಚ್ಚು ಕುಡುಗೋಲುಗಳಿಂದ ಸವರಿಸಲು ಹೊತ್ತಿಗೆ ಸರಿಯಾಗಿ ಆಳುಗಳು ದೊರೆಯದೆ ಇರುವುದರಿಂದ, ಈ ಯಂತ್ರದ ವಿಚಾರವನ್ನು ಕೇಳತಕ್ಕವರು ಹೆಚ್ಚುತ್ತಿದ್ದಾರೆ. ಅವರು ಕೇಳುವ ಮೊದಲನೆಯ ಪ್ರಶ್ನೆಯು, ಎಷ್ಟು ಅಡಿ ಅಗಲದ್ದನ್ನು ಕೊಳ್ಳಬೇಕೆಂಬುದು. ಎರಡನೆಯದು, ಅದರ ಬೆಲೆಯೆಷ್ಟೆಂಬುದು. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಕಡೆಗೆ ಕೇಳತಕ್ಕ ಪ್ರಶ್ನೆಗಳು. ಸವರಬೇಕಾದ ಗಿಡವು ಯಾವುದು, ಅದು ನಿಂತಿರುವ ನೆಲವು ಎಂಥದು, ಟ್ರಾಕ್ಟರಿನ ಹಿಂದಣ ದಂಡದಲ್ಲಿ ದೊರೆಯುವ ಶಕ್ತಿಯು ಎಷ್ಟು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡರೆ ಅಗಲವು ತಾನಾಗಿಯೇ ತಿಳಿದುಬರುವುದು. ಇದನ್ನು ವಿಚಾರಿಸದೆ ಕೊಂಡ ಯಂತ್ರವು ಒಂದೆರಡು ವರ್ಷಗಳಲ್ಲಿ ಗೇರ್ ಪೆಟ್ಟಿಗೆ ಒಡೆದು ಮೂಲೆ ಸೇರುವುದನ್ನು ಕಾಣುತ್ತೇವೆ. ಹಣದ ನಷ್ಟವಾದರೂ ತುಂಬಿಕೊಳ್ಳಬಹುದಾದುದು. ಇದರಲ್ಲಿ ಪ್ರಾಣಾಪಾಯವೂ ಉಂಟಾದ್ದರಿಂದ ವಿಷಯವನ್ನು ಕೊಂಚ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಯಂತ್ರದ ರಚನೆಯು ಸರಳವಾದುದು. ದಪ್ಪ ಉಕ್ಕಿನ ತಗಡಿನ ಮೇಲುಹೊದಿಕೆಯ ಕೆಳಗೆ ಎರಡು ಅಥವಾ ಹೆಚ್ಚು ಅಲಗುಗಳು ನೆಲಕ್ಕೆ ಸಮನಾಂತರವಾಗಿ ತಿರುಗುತ್ತವೆ. ಟ್ರಾಕ್ಟರಿನ ಹಿಂದುಗಡೆಯ ಪಿ.ಟಿ.ಓ. ದಂಡವು ಮಿನಿಟಿಗೆ 540 ಸುತ್ತಿನಂತೆ ತಿರುಗುವುದು. ಗೇರ್ ಪೆಟ್ಟಿಗೆಯು ಆ ವೇಗವನ್ನು ಹೆಚ್ಚಿಸಿ ಅಲಗುಗಳಿಗೆ ಕೊಡುವುದು. 5 ಅಡಿ ಅಗಲ ಸವರುವ ಅಲಗುಗಳು ಮಿನಿಟಿಗೆ 800 ಸುತ್ತು ತಿರುಗಿದಲ್ಲಿ ಅವುಗಳ ತುದಿಯು ಗಂಟೆಗೆ ಸುಮಾರು 230 ಕಿಲೋಮೀಟರು ವೇಗದಲ್ಲಿ ಚಲಿಸುವುದೆಂದು ಲೆಕ್ಕಕ್ಕೆ ಬರುತ್ತದೆ. ಕುಡುಗೋಲಿನಂತೆ ಇದು ಹದವಾದ ಅಂಚಿನಿಂದ ಕೊಯ್ಯತಕ್ಕದ್ದಲ್ಲ, ಹೊಡೆತದಿಂದ ತುಂಡರಿಸತಕ್ಕದ್ದು. ಗಿಡವನ್ನು ಹೊಡೆಯುವಂತೆಯೇ ಕಲ್ಲನ್ನೂ ಮೋಟನ್ನೂ ಹೊಡೆಯುವುದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ವಿಷಯಗಳಿಗೆ ಕಾರಣವನ್ನು ಹುಡುಕಬೇಕಾಗಿಲ್ಲ.

ರೊಟವೇಟರು ಇರುವಾಗ ಇದೇಕೆ ಎಂದು ಕೆಲವರು ಕೇಳುವುದುಂಟು. ರೊಟವೇಟರು ಮಣ್ಣನ್ನು ಕೆದಕುವ ಯಂತ್ರ; ಇದು ಮಣ್ಣನ್ನು ಮುಟ್ಟದೆ ಮೇಲಣ ಬೆಳೆವಣಿಗೆಯನ್ನು ಮಾತ್ರ ಸವರುವುದು. ಗರಿಕೆ ಬೆಳೆದ ನೆಲದಲ್ಲಿ ರೊಟವೇಟರನ್ನು ಓಡಿಸಿದರೆ ಬೇರುಕಾಂಡಗಳು ತುಂಡಾಗಿ, ಒಂದೊಂದು ತುಂಡೂ ಒಂದೊಂದು ಗಿಡವಾಗಿ, ಮುಂದಿನ ಮಳೆಗೆ ಹೊಲವೆಲ್ಲ ಗರಿಕೆಯಾಗುವುದು. ಸ್ಲ್ಯಾಷರಿನಿಂದಲೂ ಗರಿಕೆಯಾಗಲಿ ತುಂಗೆಯಾಗಲಿ ಸಾಯುವುದಿಲ್ಲ, ನಿಜ. ಆದರೆ ಹರಡುವುದೂ ಇಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಯಂತ್ರದ ಮುಖ್ಯ ಉಪಯೋಗವು ಮಾವಿನ ತೋಪುಗಳಲ್ಲಿಯೇ ಎಂದು ಹೇಳಬಹುದು. ಶ್ರೀನಿವಾಸಪುರದ ಕಡೆಯ ತೋತಾಪುರಿ, ಬಾದಾಮಿ, ನೀಲಂ ತೋಪುಗಳಲ್ಲಿ ಮಳೆಗಾಲದಲ್ಲಿ ಎರಡು ಮೂರು ಸಲ ಉಳುಮೆ ಮಾಡಿ ನೆಲವನ್ನು ಬೆಳ್ಳಗೆ ಇಟ್ಟುಕೊಳ್ಳುವುದು ಹಿರಿಯರ ಪದ್ಧತಿ. ಸಮತಟ್ಟಾದ ನೆಲದಲ್ಲಿ ಮುಂಗಾರಿನ ಮೊದಲಿಗೆ ಒಂದು ಸಲ ಉತ್ತು ಮಳೆಯ ನೀರನ್ನು ಇಂಗಿಸುವುದು ಒಳ್ಳೆಯದೇ. ಆದರೆ ಇಳಿಜಾರಾದ ಕೆಂಪು ನೆಲದಲ್ಲಿ ಮತ್ತೆ ಮತ್ತೆ ಉತ್ತರೆ ಮೇಲುಮಣ್ಣು ಒಂದೇ ಜೋರು ಮಳೆಗೆ ಕೊಚ್ಚಿಹೋಗುವುದಲ್ಲದೆ, ಮಾವಿನ ಮರದ ಮೇಲುಭಾಗದ ಸಣ್ಣ ಬೇರುಗಳೂ ಕತ್ತರಿಸಿಹೋಗುತ್ತವೆ. ನಿತ್ಯವಾಗಿ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ನೆಲದ ಮೇಲೆ ಬಿದ್ದ ಮಳೆಯನ್ನು ನೆಲದಲ್ಲಿಯೇ ಹಿಡಿದಿಡುವುದಕ್ಕಿಂತ ದೊಡ್ಡ ಬೇಸಾಯವಿಲ್ಲ. ಹುಲ್ಲನ್ನು ಸವರಿ ಅಲ್ಲಿಯೇ ಬಿಟ್ಟರೆ ಅದು ಹೊದಿಕೆಯಾಗಿ ತೇವವನ್ನು ಕಾಯುವುದು, ಕೊಳೆತು ಗೊಬ್ಬರವೂ ಆಗುವುದು. ಆದಕಾರಣ ಇಳಿಜಾರಿನ ತೋಪುಗಳಲ್ಲಿ ಎರಡನೆಯ ಮೂರನೆಯ ಉಳುಮೆಗಳನ್ನು ಬಿಟ್ಟು, ಅವುಗಳಿಗೆ ಬದಲಾಗಿ ಸವರುವುದೇ ಲೇಸೆಂದು ನಮ್ಮ ಮತ. ಹಸುವಿಗೆ ಮೇವು ಬೇಕಾದವರು ಮಾತ್ರ ಕುಡುಗೋಲನ್ನೇ ಹಿಡಿಯತಕ್ಕದ್ದು. ಈ ಯಂತ್ರವು ಹುಲ್ಲನ್ನು ಚೂರುಮಾಡಿ ಮಣ್ಣಿಗೆ ಬೆರಸುವುದರಿಂದ ಅದು ಮೇವಿಗೆ ಒದಗುವುದಿಲ್ಲ.

ಸವರತಕ್ಕ ಕಾಲವು ಮುಖ್ಯ. ಮಾವಿನ ಕೊಯ್ಲು ಮುಗಿದು ಹುಲ್ಲು ಮೊಣಕಾಲೆತ್ತರಕ್ಕೆ ಬಂದಾಗ ಒಂದು ಸಲ, ಹಿಂಗಾರಿನ ಮಳೆಗಳಲ್ಲಿ ಹುಲ್ಲು ಬೀಜ ಕಟ್ಟುವುದಕ್ಕೆ ಮೊದಲು ಒಂದು ಸಲ. ಹೂವು ಬಿಡುವ ಕಾಲಕ್ಕೆ ತೋಪಿನಲ್ಲಿ ಎತ್ತರವಾದ ಒಣಹುಲ್ಲು ನಿಂತಿರಕೂಡದು. ಬೀಡಿಯ ಒಂದು ಕಿಡಿಯಿಂದ ಹತ್ತಾರು ಎಕರೆಯ ಹೂವು ಸುಟ್ಟುಹೋಗಬಹುದು. ಸವರಿದ ಹುಲ್ಲಿಗೂ ಬೆಂಕಿ ಹತ್ತುವುದಾದರೂ ಜ್ವಾಲೆಯು ಕೊಂಬೆಗಳಿಗೆ ಏಳುವುದು ಕಡಮೆ. ತೋಪಿನ ಸುತ್ತ ಹತ್ತು ಹನ್ನೆರಡು ಅಡಿ ಅಗಲದ ಪಟ್ಟಿಯನ್ನು ಮಾತ್ರ ಉತ್ತು ಬರಿನೆಲವಾಗಿ ಇಟ್ಟುಕೊಳ್ಳುವುದು ಕ್ಷೇಮ. ಇನ್ನೊಂದು ವಿಷಯ: ಕೊಯ್ಲಾದ ಮೇಲೆ ಮರದಡಿ ಬಿದ್ದ ಕೊಳೆತ ಹಣ್ಣುಗಳನ್ನು ಮೊದಲು ಆರಿಸಿ ಆಳವಾಗಿ ಹೂತುಬಿಡತಕ್ಕದ್ದು. ಅವುಗಳ ಮೇಲೆಯೇ ಯಂತ್ರವನ್ನು ಓಡಿಸಿದರೆ ಹಣ್ಣುನೊಣದ ಹುಳುಗಳು ಸಾಯುವುದಕ್ಕಿಂತ ಚೆದರುವುದೇ ಹೆಚ್ಚು.

ಕಾಂಗ್ರೆಸ್ ಗಿಡವನ್ನು ಹೂವು ಬಿಡುವ ಮೊದಲೇ ಸವರಬೇಕು. ಬೀಜವಾದ ಮೇಲೆ ಸವರುವುದೆಂದರೆ ಬಿತ್ತನೆ ಮಾಡಿದಂತೆಯೇ. ಮೊದಲೇ ಸವರಿದರೂ ಬುಡವು ಮತ್ತೆ ಚಿಗುರುವುದರಿಂದ ಒಂದೇ ಸಲಕ್ಕೆ ಮುಗಿಯಿತೆಂದು ಭಾವಿಸಕೂಡದು. ಇದರ ಧೂಳಿನಿಂದ ಚರ್ಮದ ತುರಿಕೆಯೂ ಉಬ್ಬಸವೂ ಬರುವುದರಿಂದ ಡ್ರೈವರನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೈಮುಚ್ಚುವ ಅಂಗಿಯನ್ನು ತೊಟ್ಟಿರಬೇಕು.

ಹೊಲದ ಬೆಳೆಗಳ ವಿಷಯದಲ್ಲಿ ಯಂತ್ರ ಮಾರತಕ್ಕವರು ಹೇಳುವುದನ್ನೆಲ್ಲಾ ನಂಬಬೇಕಾಗಿಲ್ಲ. ರಾಗಿಯ ಹುಲ್ಲು ನಮಗೆ ಮೇವು. ಅದನ್ನು ಬುಡದವರೆಗೂ ಕೊಯ್ಯುವುದರಿಂದ ಯಂತ್ರಕ್ಕೆ ಅಲ್ಲಿ ಕೆಲಸವಿಲ್ಲ. ಹಿಪ್ಪುನೇರಳೆಯ ತೋಟದಲ್ಲಿ ಕಡ್ಡಿ ಸವರಲು ಇದನ್ನು ಉಪಯೋಗಿಸಲೇಕೂಡದು. ಹೊಡೆತದಿಂದ ಬುಡವು ಸೀಳಿ, ಸೀಳಿದ ಕಡೆ ಕೊಳೆರೋಗ ಹೊಕ್ಕು, ಗಿಡಗಳು ವರ್ಷ ವರ್ಷಕ್ಕೆ ಸಾಯುತ್ತವೆ. ಅದಕ್ಕೆ ಗರಗಸವೋ ಹದವಾದ ಕತ್ತರಿಯೋ ಬೇಕು. ಟೊಮೇಟೋ ಹೊಲದ ಮಾತು ಬೇರೆ. ಕೋಲಾರ ಮುಳಬಾಗಲುಗಳ ಕಡೆ ಕೊಯ್ಲು ಮುಗಿದ ಟೊಮೇಟೋ ಹೊಲವನ್ನು ನೋಡಿದವರಿಗೆ ಅಲ್ಲಿ ಏನೇನಿರುವುದೆಂದು ಗೊತ್ತು: ಊರುಗೋಲುಗಳು, ತಂತಿ, ನೂಲಿನ ಹುರಿ, ಹನಿ ನೀರಾವರಿಯ ಕೊಳವೆ, ಪ್ಲಾಸ್ಟಿಕ್ ಹೊದಿಕೆ. ಇವನ್ನು ಪೂರ್ತಿಯಾಗಿ ತೆಗೆಯದೆ ಸ್ಲ್ಯಾಷರನ್ನು ಇಳಿಸಿದರೆ ಹುರಿಯೂ ತಂತಿಯೂ ಅಲಗಿನ ದಂಡಕ್ಕೆ ಸುತ್ತಿಕೊಂಡು ಗೇರ್ ಪೆಟ್ಟಿಗೆಯ ಎಣ್ಣೆ ತಡೆಯುವ ಸೀಲನ್ನು ಕತ್ತರಿಸುತ್ತವೆ. ಎಣ್ಣೆಯು ತೊಟ್ಟು ತೊಟ್ಟಾಗಿ ಸೋರಿ, ಮಾಲೀಕನಿಗೆ ತಿಳಿಯುವ ಹೊತ್ತಿಗೆ ಹಲ್ಲುಗಾಲಿಗಳು ಸವೆದಿರುತ್ತವೆ. ತುಂಡಾದ ತಂತಿಯು ಬಾಣದಂತೆ ಹಾರುವುದು. ಪ್ಲಾಸ್ಟಿಕ್ಕಿನ ಚೂರು ಮಣ್ಣಿಗೆ ಸೇರಿದರೆ ಅದನ್ನು ಆರಿಸುವುದು ಯಾರಿಂದಲೂ ಸಾಧ್ಯವಿಲ್ಲ. ಹುಳುವೋ ನಂಜುರೋಗವೋ ಬಿದ್ದ ಬಳ್ಳಿಗಳನ್ನಂತೂ ಚೂರು ಮಾಡಿ ಹೊಲದಲ್ಲಿಯೇ ಬಿಡುವುದು ತರವಲ್ಲ. ಕಿತ್ತು ಹೊರಗೆ ಸಾಗಿಸಿ ಗುಂಡಿಗೆ ಹಾಕಬೇಕು.

ಮಾಲೂರು ತಾಲ್ಲೂಕಿನಲ್ಲಿಯೂ ಕೋಲಾರದ ಸುತ್ತಲೂ ನೀಲಗಿರಿಯ ತೋಪುಗಳನ್ನು ತೆಗೆದು ಬೇರೆ ಬೇಸಾಯಕ್ಕೆ ತಿರುಗುತ್ತಿರುವ ಭೂಮಾಲೀಕರಿದ್ದಾರೆ. 2017ರಲ್ಲಿ ಸರ್ಕಾರವು ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿದುದೂ ಇದಕ್ಕೆ ಒಂದು ಕಾರಣ. ಕಡಿದ ನೀಲಗಿರಿಯ ಬುಡದಿಂದ ಏಳುವ ಎಳೆಯ ಚಿಗುರುಗಳನ್ನು ಸ್ಲ್ಯಾಷರು ಸವರಬಲ್ಲುದಾದರೂ ಚಿಗುರಿನ ನಡುವೆ ಅಡಗಿರುವ ಮೋಟುಗಳಿಗೆ ಅಲಗು ತಗುಲಿದರೆ ಯಂತ್ರದ ಆಯುಸ್ಸು ಆ ಕ್ಷಣಕ್ಕೇ ಮುಗಿಯಬಹುದು. ಅಂಥ ನೆಲದಲ್ಲಿ ಮೊದಲು ಮೋಟುಗಳನ್ನು ಜೆ.ಸಿ.ಬಿ.ಯಿಂದ ಕೀಳಿಸಿ, ಅನಂತರವೇ ಸ್ಲ್ಯಾಷರಿನ ಯೋಚನೆ ಮಾಡತಕ್ಕದ್ದು.

ಇನ್ನು ಸೀಮೆಜಾಲಿ, ಅಂದರೆ ಬಳ್ಳಾರಿ ಜಾಲಿಯೆಂದು ಕರೆಯುವ ಮುಳ್ಳುಗಿಡ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಈ ಜಿಲ್ಲೆಯ ಕೆರೆಗಳಿಗೆ ಬರತೊಡಗಿದ ಮೇಲೆ ಕೆರೆಯ ಏರಿ, ಕಾಲುವೆ, ಅಂಗಳಗಳನ್ನು ಶುದ್ಧವಾಗಿಟ್ಟುಕೊಳ್ಳುವ ಕೆಲಸಕ್ಕೆ ಗ್ರಾಮಗಳಲ್ಲಿ ಗಮನ ಹೆಚ್ಚಿದೆ. ಇದು ಮೆಚ್ಚತಕ್ಕ ವಿಷಯ. ಆದರೆ ಕೆರೆಯ ಏರಿಯ ಇಳಿಜಾರಿನಲ್ಲಿ ಟ್ರಾಕ್ಟರನ್ನು ಅಡ್ಡಲಾಗಿ ಓಡಿಸುವುದು ಮಗುಚಿಬೀಳುವ ದಾರಿ; ಅಲ್ಲಿಗೆ ಹೆಗಲಿಗೆ ತೂಗುಹಾಕಿಕೊಳ್ಳುವ ಕೈಯಂತ್ರವೇ ಸರಿ. ಸಮನಾದ ಅಂಗಳದಲ್ಲಿಯಾದರೂ ಹೆಬ್ಬೆರಳಿನ ಗಾತ್ರದವರೆಗಿನ ಜಾಲಿಯನ್ನು ಮಾತ್ರ ಸಾಧಾರಣ ಸ್ಲ್ಯಾಷರಿಗೆ ಒಡ್ಡಬೇಕು. ಸವರಿದ ಬುಡಗಳು ಓರೆಯಾಗಿ ಸೀಳಿ ಈಟಿಯಂತೆ ನಿಲ್ಲುವುದರಿಂದ ಟ್ರಾಕ್ಟರಿನ ಟೈರುಗಳಿಗೆ ಅಪಾಯವುಂಟು. ಜಾಲಿಯು ಮತ್ತೆ ಚಿಗುರುವ ಗಿಡವಾದ ಕಾರಣ, ಬುಡಸಹಿತ ಕೀಳಿಸದ ಹೊರತು ವರ್ಷವೂ ಇದೇ ಖರ್ಚು. ಕೆರೆಯು ಖಾಸಗಿ ಸ್ವತ್ತಲ್ಲವಾದ್ದರಿಂದ ಕೆಲಸಕ್ಕೆ ಮುಂಚೆ ಗ್ರಾಮ ಪಂಚಾಯಿತಿಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದನ್ನು ಮುಖಂಡರು ಮರೆಯಕೂಡದು.

ಈಗ ನೆಲದ ವಿಚಾರ. ಈ ಸೀಮೆಯ ನೆಲದಲ್ಲಿ ಕಲ್ಲು ಎಲ್ಲಿಲ್ಲ? ಅಂತರಗಂಗೆಯ ಬೆಟ್ಟದ ತಪ್ಪಲಿನಿಂದ ಆವಣಿಯವರೆಗೆ ಹೊಲಗಳಲ್ಲಿ ಗುಂಡುಗಳೂ ಗರಸೂ ಮೇಲೆಯೇ ಕಾಣುತ್ತವೆ. ಹುಲ್ಲು ಬೆಳೆದರೆ ಕಾಣದೆ ಇರುತ್ತವೆ. ಗುಡಾರದಂತೆ ಬಿಗಿಯಾಗಿ ನಿಂತ ಅಲಗುಳ್ಳ ಯಂತ್ರವು ಇಂಥ ನೆಲಕ್ಕೆ ಒಗ್ಗುವುದಿಲ್ಲ. ಅಲಗುಗಳು ಒಂದು ಪಟ್ಟಿಯ ಅಥವಾ ಬಟ್ಟಲಿನಾಕಾರದ ತಟ್ಟೆಯ ಅಂಚಿಗೆ ಒಂದೊಂದೇ ಬೋಲ್ಟಿನಿಂದ ಸಡಿಲವಾಗಿ ಸೇರಿಕೊಂಡಿದ್ದು, ಕಲ್ಲು ತಗುಲಿದಾಗ ಹಿಂದಕ್ಕೆ ಮಡಿಸಿಕೊಂಡು ಮತ್ತೆ ತಿರುಗುವ ರಭಸದಿಂದ ನೆಟ್ಟಗಾಗುವಂಥವಾಗಿರಬೇಕು. ಅಂಗಡಿಯಲ್ಲಿ ಯಂತ್ರವು ನಿಂತಿರುವಾಗಲೇ ಅಲಗನ್ನು ಕೈಯಿಂದ ತಳ್ಳಿ ಇದನ್ನು ಪರೀಕ್ಷಿಸಬಹುದು. ಪಟ್ಟಿಗಿಂತ ಬಟ್ಟಲು ತಟ್ಟೆಯು ಮೇಲು. ಮೋಟಿನ ಮೇಲೆ ಹೋದರೆ ಅದು ಜಾರಿಕೊಂಡು ಹತ್ತಿ ಇಳಿಯುವುದು, ಪಟ್ಟಿಯಾದರೆ ಸಿಕ್ಕಿಕೊಳ್ಳುವುದು. ಎರಡು ಪಕ್ಕಗಳಲ್ಲಿ ನೆಲದ ಮೇಲೆ ಜಾರುವ ಉಕ್ಕಿನ ಅಟ್ಟೆಗಳು ಇದ್ದು, ಅವನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಸವರುವ ಎತ್ತರವನ್ನು ಗೊತ್ತುಮಾಡುವ ಅನುಕೂಲವಿರಬೇಕು. ಕಲ್ಲುನೆಲದಲ್ಲಿ ನೆಲದಿಂದ 4 ಅಥವಾ 5 ಅಂಗುಲ ಬಿಟ್ಟೇ ಸವರತಕ್ಕದ್ದು. ಚಾಪೆಯಂತೆ ನುಣ್ಣಗೆ ಕಾಣಬೇಕೆಂದು 2 ಅಂಗುಲಕ್ಕೆ ಇಳಿಸುವವರ ಅಲಗುಗಳು ಒಂದು ಕಾಲಕ್ಕೂ ಬಾಳುವುದಿಲ್ಲ.

ಕಲ್ಲು ಹಾರುವುದರ ವಿಷಯದಲ್ಲಿ ಸಲಿಗೆ ಸಲ್ಲದು. ಮುಂದೆಯೂ ಹಿಂದೆಯೂ ಒತ್ತೊತ್ತಾಗಿ ತೂಗುಬಿಟ್ಟ ಸರಪಳಿಯ ತೆರೆಯಿಲ್ಲದ ಯಂತ್ರವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಕೂಡದು. ಸರಪಳಿಯಿದ್ದರೂ ಕೆಲಸ ನಡೆಯುವಾಗ 300 ಅಡಿಗಳೊಳಗೆ ಜನವಾಗಲಿ ದನಕರುಗಳಾಗಲಿ ಇರಕೂಡದೆಂಬುದು ನಿಯಮ. ನಮ್ಮ ಕಡೆ ಟ್ರಾಕ್ಟರಿನ ಹಿಂದೆ ಮಕ್ಕಳು ಓಡುವುದೂ, ಮಡ್‌ಗಾರ್ಡಿನ ಮೇಲೆ ಇಬ್ಬರು ಕುಳಿತುಕೊಳ್ಳುವುದೂ ವಾಡಿಕೆ. ನೇಗಿಲಿನ ಕೆಲಸದಲ್ಲಿ ಕೂಡ ಅದು ಸರಿಯಲ್ಲ. ಸ್ಲ್ಯಾಷರಿನ ಕೆಲಸದಲ್ಲಂತೂ ಬಿದ್ದವನು ಉಳಿಯುವುದಿಲ್ಲ. ಗ್ರಾಮದ ಮುಖಂಡರು ಇದೊಂದನ್ನು ತಮ್ಮ ಮಾತಿನಿಂದಲೇ ನಿಲ್ಲಿಸಬಲ್ಲರು. ಹಾರುವ ಕಲ್ಲಿನ ಭಯವು ಹೆಚ್ಚಾಗಿರುವ ಕಡೆಗೆ, ಅಂದರೆ ಮನೆಗಳ ಮಗ್ಗುಲಿಗೋ ರಸ್ತೆಯ ಪಕ್ಕಕ್ಕೋ ಇರುವ ತೋಪುಗಳಿಗೆ, ಮಲ್ಚರ್ ಎಂಬ ಇನ್ನೊಂದು ಬಗೆಯ ಯಂತ್ರವನ್ನು ವಿಚಾರಿಸಬಹುದು. ಅದರಲ್ಲಿ ಅಡ್ಡಲಾಗಿ ಮಲಗಿರುವ ಉರುಳೆಯೊಂದಕ್ಕೆ ಅನೇಕ ಸಣ್ಣ ಅಲಗುಗಳು ತೂಗಾಡುತ್ತಿದ್ದು, ಹುಲ್ಲನ್ನೂ ಸಣ್ಣ ಕಡ್ಡಿಯನ್ನೂ ಇನ್ನೂ ನುಣ್ಣಗೆ ಪುಡಿಮಾಡುತ್ತವೆ. ಕಲ್ಲನ್ನು ದೂರಕ್ಕೆ ಎಸೆಯುವುದು ಕಡಮೆ. ಬೆಲೆಯೂ ಬೇಡುವ ಶಕ್ತಿಯೂ ಬದಲಿಸಬೇಕಾದ ಅಲಗುಗಳ ಸಂಖ್ಯೆಯೂ ಹೆಚ್ಚು.

ಶಕ್ತಿಯ ಲೆಕ್ಕವನ್ನು ಹೀಗೆ ಮಾಡತಕ್ಕದ್ದು. ಟ್ರಾಕ್ಟರಿನ ಮೇಲೆ ಬರೆದಿರುವ ಅಶ್ವಶಕ್ತಿ ಎಂಜಿನ್ನಿನದು. ಅದರಲ್ಲಿ ನೂರಕ್ಕೆ ಸುಮಾರು 85 ಪಾಲು ಮಾತ್ರ ಪಿ.ಟಿ.ಓ. ದಂಡಕ್ಕೆ ತಲಪುವುದು. 35 ಅಶ್ವಶಕ್ತಿಯ ಟ್ರಾಕ್ಟರಿನಲ್ಲಿ ಸುಮಾರು 30, 45ರದರಲ್ಲಿ ಸುಮಾರು 38 ದೊರೆಯುವುದೆಂದು ಇಟ್ಟುಕೊಳ್ಳಬಹುದು. ಬರಿಯ ಹುಲ್ಲಿಗೆ ಸವರುವ ಅಗಲದ ಒಂದೊಂದಡಿಗೆ 5 ಅಶ್ವಶಕ್ತಿ ಸಾಕು. ಲಂಟಾನದಂಥ ಕಟ್ಟಿಗೆಯ ಪೊದೆಗೆ 7 ಅಥವಾ 8 ಬೇಕು. ಹೀಗೆ ಲೆಕ್ಕ ಹಾಕಿದರೆ 35ರ ಟ್ರಾಕ್ಟರು ಹುಲ್ಲಿನಲ್ಲಿ 6 ಅಡಿಯನ್ನು ಎಳೆದರೂ ಪೊದೆಯಲ್ಲಿ 4 ಅಡಿಯನ್ನು ಮಾತ್ರ ನಿಭಾಯಿಸಬಲ್ಲುದು; 45ರದು ಪೊದೆಯಲ್ಲಿ 5 ಅಡಿ. ನಾನು ಹುಲ್ಲಿಗೆ ಮಾತ್ರ ಉಪಯೋಗಿಸುವೆನೆಂದು ದೊಡ್ಡದನ್ನು ಕೊಂಡವರೂ ಮುಂದಿನ ವರ್ಷ ಬದುವಿನ ಪೊದೆಗೆ ಅದನ್ನೇ ನುಗ್ಗಿಸುವರು, ಮನುಷ್ಯಸ್ವಭಾವವು ಹಾಗಿದೆ. ಆದಕಾರಣ 35 ಅಶ್ವಶಕ್ತಿಗೆ ನಾಲ್ಕೂವರೆ ಅಡಿ, 45ಕ್ಕೆ 5 ಅಡಿ ಎಂಬುದೇ ಈ ತಾಲ್ಲೂಕುಗಳಿಗೆ ಮಧ್ಯಮ ಮಾರ್ಗವೆಂದು ತೋರುತ್ತದೆ. 5 ಅಡಿಯ ಯಂತ್ರವು ಗಂಟೆಗೆ 4 ಕಿಲೋಮೀಟರಿನಂತೆ ನಡೆದು, ತಿರುವುಗಳಿಗೂ ಒಂದರ ಮೇಲೊಂದು ಬೀಳುವ ಪಟ್ಟೆಗಳಿಗೂ ನೂರಕ್ಕೆ 30 ಪಾಲು ಕಳೆದರೆ, ಗಂಟೆಗೆ ಒಂದು ಎಕರೆಗೆ ಕೊಂಚ ಮೇಲಾಗಿ ಸವರುವುದು. 4 ಅಡಿಯದು ಸುಮಾರು 34 ಗುಂಟೆ. ಈ ಕಿರಿದಾದ ವ್ಯತ್ಯಾಸಕ್ಕಾಗಿ ಟ್ರಾಕ್ಟರನ್ನು ಏದುಸಿರು ಬಿಡಿಸುವುದರಲ್ಲಿ ಅರ್ಥವಿಲ್ಲ.

ಅಗಲವನ್ನು ನಿಶ್ಚಯಿಸುವಾಗ ಹಿಂದಿನ ಗಾಲಿಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳತೆ ಮಾಡಿ ನೋಡಬೇಕು. ಯಂತ್ರವು ಅದಕ್ಕಿಂತ ಕಿರಿದಾದರೆ ಗಾಲಿ ತುಳಿದ ಹುಲ್ಲು ಸವರದೆ ಉಳಿದು ಎರಡು ದಿನಗಳಲ್ಲಿ ಮತ್ತೆ ಏಳುವುದು. ಒಂದು ಪಕ್ಕಕ್ಕೆ ಸರಿಸಿ ಜೋಡಿಸಬಹುದಾದ ಯಂತ್ರದಲ್ಲಿ ಈ ದೋಷವು ಅರ್ಧ ನೀಗುವುದಲ್ಲದೆ, ಬಾಗಿದ ಕೊಂಬೆಗಳುಳ್ಳ ಮಾವಿನ ಮರದ ಕೆಳಗೆ ಟ್ರಾಕ್ಟರು ಹೊರಗಿದ್ದುಕೊಂಡೇ ಯಂತ್ರವನ್ನು ಒಳಕ್ಕೆ ಚಾಚಬಹುದು. 30–40 ಅಡಿ ಅಂತರದ ಹಳೆಯ ತೋಪುಗಳಲ್ಲಿ ಯಾವ ಅಗಲವಾದರೂ ಓಡಾಡುವುದು. 16 ಅಡಿಗೊಂದರಂತೆ ಒತ್ತಾಗಿ ನೆಟ್ಟ ಹೊಸ ತೋಟಗಳಲ್ಲಿ ಕೊಂಬೆಗಳು ಕೂಡಿಕೊಂಡ ಮೇಲೆ ಸಣ್ಣ ಟ್ರಾಕ್ಟರಿಗೂ ಮೂರೂವರೆ ಅಡಿಯ ಯಂತ್ರಕ್ಕೂ ಮಾತ್ರ ದಾರಿಯುಂಟು.

ಟ್ರಾಕ್ಟರಿಗೂ ಯಂತ್ರಕ್ಕೂ ಜೋಡಣೆಯು ಹೊಂದಬೇಕು. ಮೂರು ಬಿಂದುಗಳ ಜೋಡಣೆಯಲ್ಲಿ ಒಂದನೆಯ ವರ್ಗದ ಕೆಳಗಣ ಪಿನ್ನುಗಳು 22 ಮಿಲಿಮೀಟರು, ಎರಡನೆಯ ವರ್ಗದವು 28 ಮಿಲಿಮೀಟರು ದಪ್ಪವಿರುತ್ತವೆ. ದೊಡ್ಡ ರಂಧ್ರಕ್ಕೆ ಸಣ್ಣ ಪಿನ್ನನ್ನು ಹಾಕಿ ಅಳ್ಳಾಡುವಂತೆ ಬಿಡುವುದು ತಪ್ಪು, ಬುಶ್ಶನ್ನು ಹಾಕಿಸಬೇಕು. ಇದಕ್ಕಿಂತಲೂ ಮುಖ್ಯವಾದುದು ಟ್ರಾಕ್ಟರಿನ ಕ್ಲಚ್ಚು. ಒಂದೇ ಕ್ಲಚ್ಚಿನ ಟ್ರಾಕ್ಟರಿನಲ್ಲಿ, ಡ್ರೈವರನು ಕ್ಲಚ್ಚನ್ನು ತುಳಿದರೂ ಅಲಗುಗಳು ತಮ್ಮ ರಭಸದಿಂದ ತಿರುಗುತ್ತಲೇ ಇದ್ದು, ಆ ರಭಸವು ಪಿ.ಟಿ.ಓ. ದಂಡದ ಮೂಲಕ ಹಿಂದಿರುಗಿ ಟ್ರಾಕ್ಟರನ್ನೇ ಮುಂದಕ್ಕೆ ತಳ್ಳುತ್ತದೆ. ನಿಲ್ಲುವುದೆಂದು ನಂಬಿದ ಟ್ರಾಕ್ಟರು ನಿಲ್ಲದೆ ಬಾವಿಯ ಕಟ್ಟೆಗೋ ಮರಕ್ಕೋ ಹೋಗಿ ಗುದ್ದಬಹುದು. ಇಂಥ ಟ್ರಾಕ್ಟರಿಗೆ ಒಂದೇ ಕಡೆಗೆ ಎಳೆಯುವ, ಹಿಂದಕ್ಕೆ ತಳ್ಳದ ಓವರ್‌ರನ್ನಿಂಗ್ ಕ್ಲಚ್ಚನ್ನು ದಂಡದಲ್ಲಿ ಜೋಡಿಸಲೇಬೇಕು. ಇಲ್ಲವೇ ಎರಡು ಕ್ಲಚ್ಚುಳ್ಳ ಟ್ರಾಕ್ಟರನ್ನು ಉಪಯೋಗಿಸಬೇಕು. ಹಳೆಯ ಟ್ರಾಕ್ಟರುಳ್ಳವರು ಇದನ್ನು ಮೆಕ್ಯಾನಿಕ್ಕಿನಿಂದ ಮೊದಲೇ ತಿಳಿದುಕೊಳ್ಳತಕ್ಕದ್ದು.

ಅಲಗಿಗೆ ದಿಢೀರನೆ ತಡೆಯಾದಾಗ ಗೇರ್ ಪೆಟ್ಟಿಗೆಯನ್ನು ಉಳಿಸುವ ಸಾಧನವು ಎರಡು ಬಗೆ. ಒಂದು, ತಾನೇ ಕತ್ತರಿಸಿಹೋಗುವ ಬೋಲ್ಟು. ಇನ್ನೊಂದು, ಬಿಲ್ಲೆಗಳು ಜಾರುವ ಸ್ಲಿಪ್ ಕ್ಲಚ್ಚು. ಬೋಲ್ಟಿನದು ಅಗ್ಗ, ಕಲ್ಲುನೆಲದಲ್ಲಿ ದಿನಕ್ಕೆ ನಾಲ್ಕು ಸಲ ಕತ್ತರಿಸಿಹೋಗಿ ಬೇಸರವುಂಟುಮಾಡುವುದರಿಂದ, ಡ್ರೈವರನು ಕೈಗೆ ಸಿಕ್ಕಿದ ಗಟ್ಟಿ ಬೋಲ್ಟನ್ನು ಹಾಕಿ ಕೆಲಸ ಮುಂದುವರಿಸುತ್ತಾನೆ. ಆಮೇಲೆ ಬೋಲ್ಟು ಕತ್ತರಿಸುವುದಿಲ್ಲ, ಗೇರೇ ಕತ್ತರಿಸುತ್ತದೆ. ಆದ್ದರಿಂದ ಈ ಸೀಮೆಗೆ ಹಣ ಹೆಚ್ಚಾದರೂ ಸ್ಲಿಪ್ ಕ್ಲಚ್ಚುಳ್ಳ ಯಂತ್ರವನ್ನೇ ಕೊಳ್ಳಬೇಕೆಂದು ಒತ್ತಿ ಹೇಳುತ್ತೇವೆ. ಅದರ ಬಿಲ್ಲೆಗಳು ಬೇಸಗೆ ಕಳೆಯುವಷ್ಟರಲ್ಲಿ ತುಕ್ಕಿನಿಂದ ಅಂಟಿಕೊಳ್ಳುವುದುಂಟು. ಕೆಲಸದ ಕಾಲವು ಆರಂಭವಾಗುವ ಮೊದಲು ಸ್ಪ್ರಿಂಗುಗಳನ್ನು ಸಡಿಲಿಸಿ, ಬಿಲ್ಲೆಗಳು ಒಂದೆರಡು ಕ್ಷಣ ಜಾರುವಂತೆ ಮಾಡಿ, ಪುಸ್ತಕದಲ್ಲಿ ಹೇಳಿದ ಅಳತೆಗೆ ಮತ್ತೆ ಬಿಗಿಯಬೇಕು.

ಜೋಡುದಂಡದ ಉದ್ದವನ್ನು ಅಂಗಡಿಯವರು ಅಂದಾಜಿನ ಮೇಲೆ ಕೊಡುವರು. ಯಂತ್ರವನ್ನು ಮೇಲಕ್ಕೆತ್ತಿದಾಗ ದಂಡದ ಒಳಕೊಳವೆಯು ತಳಕ್ಕೆ ಗುದ್ದಬಾರದು. ಕೆಳಗಿಳಿಸಿದಾಗ ಎರಡು ಕೊಳವೆಗಳೂ ಮೂರನೆಯ ಒಂದು ಪಾಲಾದರೂ ಒಂದರೊಳಗೊಂದು ಇರಬೇಕು. ದಂಡದ ಮೇಲಣ ಪ್ಲಾಸ್ಟಿಕ್ ಕವಚವು ಒಡೆದುಹೋದರೆ ಮರುದಿನವೇ ಹೊಸದನ್ನು ಹಾಕಿಸಿ. ಪಂಚೆಯುಟ್ಟು, ಹೆಗಲ ಮೇಲೆ ಟವೆಲು ಹಾಕಿಕೊಂಡು ತಿರುಗುವ ದಂಡದ ಬಳಿಗೆ ಹೋಗುವುದು ಈ ಸೀಮೆಯಲ್ಲಿ ದಿನದಿನವೂ ಕಾಣುವ ನೋಟ. ಬಟ್ಟೆಯ ಒಂದು ತುದಿ ಸಿಕ್ಕಿಕೊಂಡರೆ ಕೂಗುವಷ್ಟು ಹೊತ್ತೂ ಇರುವುದಿಲ್ಲ. ಅಲಗನ್ನು ನೋಡಬೇಕಾದಾಗ ಎಂಜಿನ್ನನ್ನು ನಿಲ್ಲಿಸಿ, ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು, ಎತ್ತಿದ ಯಂತ್ರದ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟ ಮೇಲೆಯೇ ಬಗ್ಗತಕ್ಕದ್ದು. ಹೈಡ್ರಾಲಿಕ್ಕನ್ನು ನಂಬಿ ಕೆಳಗೆ ಕೈಯಿಡಕೂಡದು. ಅಲಗುಗಳನ್ನು ಬದಲಿಸುವಾಗ ಒಂದನ್ನೇ ಬದಲಿಸದೆ ಸಮತೂಕದ ಜೋಡಿಯನ್ನೇ ಹಾಕಬೇಕು. ಇಲ್ಲದಿದ್ದರೆ ಯಂತ್ರವು ನಡುಗಿ ಬೇರಿಂಗುಗಳು ಹಾಳಾಗುತ್ತವೆ. ಅಂಚನ್ನು ಕ್ಷೌರದ ಕತ್ತಿಯಂತೆ ಮಸೆಯುವ ಅಗತ್ಯವಿಲ್ಲ; ಕಾಸಿನ ದಪ್ಪದ ಅಂಚೇ ಹೆಚ್ಚು ದಿನ ಬಾಳುವುದು.

ಇಷ್ಟಾದ ಮೇಲೆ ಬೆಲೆಯ ವಿಚಾರ. ಲೆಕ್ಕಕ್ಕೆ ಮಾತ್ರ ಯಂತ್ರದ ಬೆಲೆಯು 90,000 ರೂಪಾಯಿ, ಬಾಳಿಕೆ 10 ವರ್ಷ, ಕಡೆಯಲ್ಲಿ ಬರುವುದು 9,000 ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಸವಕಳಿ 8,100, ಸರಾಸರಿ ಮೌಲ್ಯದ ಮೇಲೆ ನೂರಕ್ಕೆ ಹತ್ತರ ಬಡ್ಡಿ 4,950, ದುರಸ್ತಿಗೆ ಬೆಲೆಯ ನೂರಕ್ಕೆ ಐದರಂತೆ 4,500. ಒಟ್ಟು 17,550 ರೂಪಾಯಿ. ಹತ್ತು ಎಕರೆಯ ತೋಪುಳ್ಳವನು ವರ್ಷಕ್ಕೆ ಎರಡು ಸಲ ಸವರಿದರೆ ಎಕರೆಗೆ ಸುಮಾರು 878 ರೂಪಾಯಿ ಬರಿಯ ಯಂತ್ರದ ಪಾಲಿಗೆ ಬೀಳುವುದು. ಡೀಸಲು, ಡ್ರೈವರನ ಕೂಲಿ ಬೇರೆ. ಅದೇ ಯಂತ್ರವು ಗ್ರಾಮದ 60 ಎಕರೆಗಳಲ್ಲಿ ಎರಡು ಸಲ ನಡೆದರೆ ಎಕರೆಗೆ 146 ರೂಪಾಯಿ. ಹತ್ತು ಎಕರೆಯವನು ಒಬ್ಬನೇ ಕೊಳ್ಳುವುದು ಮರ್ಯಾದೆಗಾಗಿ ಕೊಂಡಂತೆ ಆಗುವುದೇ ಹೊರತು ಲಾಭಕ್ಕಲ್ಲ. ಆರೇಳು ಮಂದಿ ಸೇರಿ, ಯಾರ ತೋಪಿಗೆ ಯಾವ ವಾರ, ಮುರಿದರೆ ಯಾರ ಖರ್ಚು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡು ಕೊಳ್ಳುವುದು ಲೇಸು. ರಾಜ್ಯದಲ್ಲಿ 2014ರಿಂದ ಏರ್ಪಟ್ಟಿರುವ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ಪೈಕಿ ಹತ್ತಿರದ್ದರಲ್ಲಿ ಇಂಥ ಯಂತ್ರವು ಇದೆಯೇ ಎಂದು ವಿಚಾರಿಸಿ, ಒಂದು ವರ್ಷ ಬಾಡಿಗೆಗೆ ತಂದು ನೋಡುವುದು ಇನ್ನೂ ಜಾಣತನ.

2014–15ರಲ್ಲಿ ಆರಂಭವಾದ ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಸಹಾಯಧನವನ್ನು ಅಪೇಕ್ಷಿಸುವವರು ಯಂತ್ರವನ್ನು ಕೊಂಡ ಮೇಲೆ ಅರ್ಜಿ ಹಾಕುವುದಲ್ಲ; ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ ಷರತ್ತುಗಳನ್ನೂ ಒಪ್ಪಿಗೆ ಪಡೆದ ಯಂತ್ರಗಳ ಪಟ್ಟಿಯನ್ನೂ ನೋಡಿಕೊಳ್ಳಬೇಕು. ಯಂತ್ರವು ಸರ್ಕಾರದ ಪರೀಕ್ಷಾಕೇಂದ್ರವೊಂದರಲ್ಲಿ, ಉದಾಹರಣೆಗೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಸಂಸ್ಥೆಯಲ್ಲಿ, ಪರೀಕ್ಷೆಗೆ ಒಳಪಟ್ಟಿದೆಯೇ ಎಂದು ಮಾರುವವರನ್ನು ಕೇಳಿ ವರದಿಯನ್ನು ತೋರಿಸುವಂತೆ ಹೇಳತಕ್ಕದ್ದು. ತೋಪಿನ ಬೇಸಾಯದ ವಿಷಯದಲ್ಲಿ ಸಂದೇಹವುಳ್ಳವರು ಕೋಲಾರದ ಬಳಿ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ಪೂರ್ಣ ಹಣವನ್ನು ಕೊಡುವ ಮೊದಲು ಯಂತ್ರವನ್ನು ತಮ್ಮ ಟ್ರಾಕ್ಟರಿಗೇ ಜೋಡಿಸಿ, ತಮ್ಮ ನೆಲದಲ್ಲಿಯೇ ಅರ್ಧ ಎಕರೆಯಷ್ಟು ಸವರಿಸಿ ನೋಡಬೇಕು. ಅಂಗಡಿಯ ಮುಂದಣ ಬಯಲಿನಲ್ಲಿ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಓಡುತ್ತವೆ. ದಟ್ಟವಾದ ಕಡೆಗೆ ಹೋದಾಗ ಎಂಜಿನ್ನಿನ ಸದ್ದು ಕುಗ್ಗುವುದೇ, ಹುಲ್ಲು ಹೊದಿಕೆಯ ಕೆಳಗೆ ಗಡ್ಡೆಕಟ್ಟುವುದೇ, ಯಂತ್ರವನ್ನು ಎತ್ತಿದಾಗ ಟ್ರಾಕ್ಟರಿನ ಮುಂಗಾಲಿಗಳು ಹಗುರವಾಗುವುವೇ ಎಂದು ನೋಡಿ. ಹಗುರವಾದಲ್ಲಿ ಮುಂದೆ ತೂಕದ ಬಿಲ್ಲೆಗಳನ್ನು ಕೇಳಿ. ಅರ್ಧ ಗಂಟೆಯ ಕೆಲಸವಾದ ಮೇಲೆ ಎಂಜಿನ್ನನ್ನು ನಿಲ್ಲಿಸಿ ಗೇರ್ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿ. ಬಿಸಿಯಾಗುವುದು ಸಹಜ, ಒಂದು ಕ್ಷಣವೂ ಕೈಯಿಡಲಾಗದಷ್ಟು ಸುಡುತ್ತಿದ್ದರೆ, ಒಳಗೆ ಎಣ್ಣೆಯಿದೆಯೇ, ಇದ್ದರೆ ಎಷ್ಟಿದೆ ಎಂಬುದನ್ನು ಮಾರುವವರ ಎದುರಿನಲ್ಲಿಯೇ ಮುಚ್ಚಳ ಬಿಚ್ಚಿಸಿ ನೋಡತಕ್ಕದ್ದು.